ಮನೆಯ ಶೆಡ್ಡಿನಲ್ಲಿ ಕಬ್ಬಿಣ ಕಟ್ ಮಾಡುವುದು: ಹಂತ ಹಂತದ ಮಾರ್ಗದರ್ಶಿ

ಪೈಪು ಸೊಟ್ಟ ಕಟ್ ಆಯಿತು. ವೀಲ್, ಅಂದರೆ ಕಬ್ಬಿಣ ಕೊಯ್ಯುವ ತಿರುಗುವ ಬಿಲ್ಲೆ, ಒಡೆದು ಹಾರಿತು. ಮೋಟರಿನಿಂದ ಸುಟ್ಟ ವಾಸನೆ ಬಂತು. ಮನೆಯಲ್ಲೇ ಗೇಟು, ಸ್ಟ್ಯಾಂಡು, ನಾಯಿಗೂಡು ಮಾಡಿಕೊಳ್ಳಲು ಹೊರಟವರಿಂದ ಮತ್ತೆ ಮತ್ತೆ ಕೇಳಿಬರುವುದು ಈ ಮೂರು ದೂರು. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ತೋಟದ ಮನೆಗಳ ಶೆಡ್ಡಿನಲ್ಲಿ 14 ಇಂಚಿನ ಕಟಿಂಗ್ ಮಷೀನು, 4 ಇಂಚಿನ ಗ್ರೈಂಡರ್ ಈಗ ಅಪರೂಪದ ಸಾಮಾನಲ್ಲ. ಆದರೆ ಸ್ವಿಚ್ ಒತ್ತುವ ಮೊದಲು ಮಾಡಬೇಕಾದ ಕೆಲಸಗಳನ್ನು ಬಿಟ್ಟು ಜನ ನೇರವಾಗಿ ಕಟ್ ಮಾಡಲು ಕೂರುತ್ತಾರೆ. ಆಮೇಲೆ ಎಷ್ಟೇ ಹುಷಾರಾಗಿ ಹಿಡಿದರೂ ಕಟ್ ನೇರ ಬರುವುದಿಲ್ಲ.

ಹಾಗಾಗಿ ಇಲ್ಲಿ ಅರ್ಧಕ್ಕಿಂತ ಜಾಸ್ತಿ ಮಾತು ಸ್ವಿಚ್ ಒತ್ತುವ ಮೊದಲಿನದ್ದು. ದಯವಿಟ್ಟು ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಉದಾಹರಣೆಗೆ ಒಂದು ಸಣ್ಣ ಕೆಲಸ ಇಟ್ಟುಕೊಳ್ಳೋಣ: ಅಡಿಕೆ ಒಣಗಿಸಲು 6 ಅಡಿ ಉದ್ದ, 3 ಅಡಿ ಅಗಲದ ಒಂದು ಚೌಕಟ್ಟು. ಸಾಮಾನು 1 ಇಂಚಿನ ಚೌಕ ಎಂಎಸ್ (ಮೈಲ್ಡ್ ಸ್ಟೀಲ್, ಮಾಮೂಲಿ ಕಬ್ಬಿಣ) ಪೈಪು, 16 ಗೇಜ್, ಅಂದರೆ ಸುಮಾರು 1.6 ಮಿ.ಮೀ. ದಪ್ಪ. ಅಂಗಡಿಯಲ್ಲಿ ಸಿಗುವ 20 ಅಡಿಯ ಒಂದೇ ಪೈಪಿನಲ್ಲಿ ಇದು ಮುಗಿಯುತ್ತದೆ.

## ಹಂತ 1: ಯಾವ ಸಾಮಾನಿಗೆ ಯಾವ ಯಂತ್ರ

ಪೈಪು, ಎಲ್ ಆಂಗಲ್, ಪಟ್ಟಿ, ಸರಳು ಇವನ್ನೆಲ್ಲ ಒಂದೇ ಅಳತೆಗೆ ನಾಲ್ಕಾರು ಸಲ ಕತ್ತರಿಸಬೇಕಾದರೆ 14 ಇಂಚಿನ (ಇದು ವೀಲಿನ ಅಡ್ಡಳತೆ) ಕಟಿಂಗ್ ಮಷೀನೇ ಸರಿ. ನೆಲಕ್ಕೆ ಕೂತಿರುವ ಯಂತ್ರ, ಸಾಮಾನು ಹಿಡಿಯಲು ಅದರದ್ದೇ ವೈಸ್, ಕೋನಕ್ಕೆ ತಿರುಗಿಸಬಹುದಾದ ಫೆನ್ಸ್ (ಸಾಮಾನನ್ನು ಒರಗಿಸುವ ಪಟ್ಟಿ) ಇರುತ್ತದೆ. ಈಗಾಗಲೇ ಕೂರಿಸಿದ ಗೇಟು, ಗೋಡೆಗೆ ಹಾಕಿದ ಗ್ರಿಲ್, ಎತ್ತಿ ತರಲಾಗದ ಸಾಮಾನಿಗೆ 4 ಇಂಚಿನ ಗ್ರೈಂಡರ್.

ಒಂದೆರಡು ಕಟ್ ಮಾತ್ರ ಇದ್ದರೆ ಹ್ಯಾಕ್ಸಾ (ಕಬ್ಬಿಣ ಕೊಯ್ಯುವ ಕೈಗರಗಸ) ತೆಗೆದುಕೊಳ್ಳಿ. ತೆಳು ಪೈಪಿಗೆ ಇಂಚಿಗೆ 24 ಅಥವಾ 32 ಹಲ್ಲಿನ ಬ್ಲೇಡು, ದಪ್ಪ ಸರಳಿಗೆ 18 ಹಲ್ಲಿನದ್ದು. ಯಂತ್ರ ಹೊರಗಿಟ್ಟು, ವೈರು ಎಳೆದು, ಜಾಗ ಚೊಕ್ಕ ಮಾಡುವ ಹೊತ್ತಿಗೆ ಹ್ಯಾಕ್ಸಾ ಕೆಲಸ ಮುಗಿಸಿರುತ್ತದೆ.

ಇನ್ನು ಮಾಡಬಾರದ್ದು. ಮರ ಕೊಯ್ಯುವ ಸರ್ಕ್ಯುಲರ್ ಗರಗಸಕ್ಕೆ ಕಬ್ಬಿಣ ಕೊಯ್ಯುವ ವೀಲ್ ಹಾಕಬೇಡಿ. ಅದರ ಹೊಟ್ಟೆಯಲ್ಲಿ ಮರದ ಪುಡಿ ತುಂಬಿರುತ್ತದೆ, ಕಿಡಿ ಅಲ್ಲಿಗೇ ಬೀಳುತ್ತದೆ. ಇದರ ಉಲ್ಟಾ ತಪ್ಪೂ ಬಹಳ ಜನ ಮಾಡುತ್ತಾರೆ: ಹಲ್ಲಿರುವ ಕಾರ್ಬೈಡ್ ಬ್ಲೇಡನ್ನು ತಂದು ಮಾಮೂಲಿ ಕಟಿಂಗ್ ಮಷೀನಿಗೆ ಹಾಕುವುದು. ಆ 14 ಇಂಚಿನ ಬ್ಲೇಡು ಬೇಕಾಗಿರುವುದು ನಿಮಿಷಕ್ಕೆ 1300ರಿಂದ 1500 ಸುತ್ತು ತಿರುಗುವ ಬೇರೆ ಯಂತ್ರಕ್ಕೆ. ಮಾಮೂಲಿ ಮಷೀನು 3800 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಆ ವೇಗಕ್ಕೆ ಹಲ್ಲು ಕಿತ್ತು ಬಂದರೆ ಅದು ಗುಂಡೇಟೇ.

ಚಾವಣಿಯ ಕಲರ್ ಶೀಟನ್ನು ಗ್ರೈಂಡರಿನಲ್ಲಿ ಕೊಯ್ಯಬೇಡಿ. ವೀಲಿನ ಬಿಸಿಗೆ ಅಂಚಿನ ಬಣ್ಣವೂ ಸತುವಿನ ಲೇಪವೂ ಸುಡುತ್ತದೆ. ಹಾರಿದ ಕಿಡಿ ಶೀಟಿನ ಮೇಲೆ ಬಿದ್ದು ಬಣ್ಣಕ್ಕೆ ಅಂಟಿ ಕೂರುತ್ತದೆ. ನಮ್ಮ ಮಳೆಗೆ ಒಂದೇ ಸೀಸನ್ನಿನಲ್ಲಿ ಅಲ್ಲೆಲ್ಲ ತುಕ್ಕಿನ ಚುಕ್ಕಿ ಏಳುತ್ತದೆ. ಶೀಟಿಗೆ ತಗಡಿನ ಕತ್ತರಿ ಸಾಕು.

ಇದಕ್ಕಿಂತ ದೊಡ್ಡ ಎಚ್ಚರಿಕೆ ಬ್ಯಾರಲ್ಲಿನದು. ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಇದ್ದ ಬ್ಯಾರಲ್ ಅಥವಾ ಹಳೆ ಎಂಜಿನ್ನಿನ ಟ್ಯಾಂಕು ಖಾಲಿಯಾಗಿ ವರ್ಷವಾಗಿದ್ದರೂ ಒಲೆ ಮಾಡಲೆಂದು ಕೊಯ್ಯಲು ಹೋಗಬೇಡಿ. ಒಳಗೆ ಉಳಿದ ಆವಿಗೆ ಒಂದು ಕಿಡಿ ಸಾಕು, ಬಾಂಬಿನಂತೆ ಸಿಡಿಯುತ್ತದೆ. ನೀರು ಹಾಕಿ ತೊಳೆದೆವು ಅನ್ನುವ ಧೈರ್ಯವೂ ಬೇಡ. ಎರಡೂ ತುದಿ ಮುಚ್ಚಿ ವೆಲ್ಡ್ ಮಾಡಿದ ಪೈಪಾದರೆ ಮೊದಲು ನಿಧಾನಕ್ಕೆ ಒಂದು ತೂತು ಕೊರೆದು ಗಾಳಿ ಬಿಡಿ, ಆಮೇಲೆ ಕಟ್ ಮಾಡಿ.

## ಹಂತ 2: ಜಾಗ ಚೊಕ್ಕ ಮಾಡಿ

ಕಟಿಂಗ್ ಮಷೀನಿನ ಕಿಡಿ ಹಿಂಬದಿಗೆ ಉದ್ದಕ್ಕೆ ಹಾರುತ್ತದೆ. 30-35 ಅಡಿ ದೂರದವರೆಗೆ ಬೆಂಕಿ ಹತ್ತುವ ಯಾವುದೂ ಇರಬಾರದು ಅನ್ನುವುದು ಇಟ್ಟುಕೊಳ್ಳಬೇಕಾದ ಲೆಕ್ಕ. ಮಲೆನಾಡಿನ ಮನೆಯ ಸುತ್ತ ಈ ಲೆಕ್ಕ ಪಾಲಿಸುವುದು ಕಷ್ಟ, ಗೊತ್ತು. ಶೆಡ್ಡಿನ ಒಂದು ಮೂಲೆಯಲ್ಲಿ ಅಡಿಕೆ ಸಿಪ್ಪೆ, ಇನ್ನೊಂದು ಕಡೆ ಕಟ್ಟಿಗೆ ರಾಶಿ, ಹೊರಗೆ ಸೋಗೆ, ದರಗು, ಕೊಟ್ಟಿಗೆಯ ಪಕ್ಕ ಹುಲ್ಲಿನ ಬಣವೆ. ಹಾಗಾಗಿ ಸಾಮಾನನ್ನು ಜಾಗ ಬದಲಿಸುವುದಕ್ಕಿಂತ ಯಂತ್ರವನ್ನೇ ಬೇರೆ ಕಡೆ ಒಯ್ಯುವುದು ಸುಲಭ.

ಅಡಿಕೆ ಸಿಪ್ಪೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹುಲ್ಲಿಗೆ ಕಿಡಿ ಬಿದ್ದರೆ ಭಗ್ಗನೆ ಹತ್ತಿ ಕಾಣುತ್ತದೆ. ಸಿಪ್ಪೆ ಒಳಗೊಳಗೇ ಕನಲುತ್ತಾ ಇದ್ದು, ನೀವು ಊಟ ಮಾಡಿ ಮಲಗಿದ ಮೇಲೆ ಹತ್ತಬಹುದು. ಹೊರಗೆ ಒಯ್ಯಲು ಆಗದಿದ್ದರೆ ಯಂತ್ರದ ಹಿಂದೆ ಒಂದು ಹಳೆ ತಗಡು ನಿಲ್ಲಿಸಿ, ನೆಲಕ್ಕೆ ನೀರು ಚಿಮುಕಿಸಿ. ಯಂತ್ರದ ಕೆಳಗೆ ಮಾತ್ರ ಒಣಗಿರಲಿ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು, ನೆನೆಸಿದ ಗೋಣಿಚೀಲ ಇರಲಿ. ಕರೆಂಟಿನ ಬೆಂಕಿಗೂ ಎಣ್ಣೆಯ ಬೆಂಕಿಗೂ ಮರಳು; ಹುಲ್ಲು, ಕಟ್ಟಿಗೆ, ಸಿಪ್ಪೆಗೆ ನೀರು.

ಅಡಿಕೆ ಹರವಿದ ಅಂಗಳದಲ್ಲಿ ಈ ಕೆಲಸ ಬೇಡವೇ ಬೇಡ. ಕಟ್ ಮಾಡುವಾಗ ಏಳುವ ಕಬ್ಬಿಣದ ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣದು. ಅಡಿಕೆಯಲ್ಲಿ ಟ್ಯಾನಿನ್ ಇದೆ, ತೇವ ಸೇರಿ ಕಬ್ಬಿಣ ತಾಗಿದರೆ ಕಪ್ಪು ಕಲೆ ಕೂರುತ್ತದೆ. ಬೆಲೆ ಹೋಗುವುದು ಬಣ್ಣದ ಮೇಲೇ ಅಲ್ವಾ? ಕಾರು, ಕಿಟಕಿ ಗಾಜು, ರೆಡ್ ಆಕ್ಸೈಡ್ ನೆಲ, ಟೈಲ್ಸ್ ಇವಕ್ಕೂ ಕಿಡಿ ಹೋಗದಂತೆ ನೋಡಿ. ಗಾಜಿಗೆ ಅಂಟಿದ ಕಿಡಿ ಮತ್ತೆ ಉಜ್ಜಿದರೂ ಹೋಗುವುದಿಲ್ಲ.

## ಹಂತ 3: ಕರೆಂಟು ನೋಡಿ

14 ಇಂಚಿನ ಯಂತ್ರ 2000ದಿಂದ 2400 ವಾಟ್ ತೆಗೆದುಕೊಳ್ಳುತ್ತದೆ. 230 ವೋಲ್ಟಿನಲ್ಲಿ ಸುಮಾರು 10 ಆಂಪಿಯರ್. ಟಿವಿ, ಮೊಬೈಲ್ ಚಾರ್ಜರಿನ 6 ಆಂಪಿಯರ್ ಪಾಯಿಂಟಿಗೆ ಇದು ಹೊರೆ. 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು. ಮನೆಯ ಸಾಮಾನ್ಯ ಇನ್ವರ್ಟರಿನಿಂದ ಓಡಿಸುವ ಯೋಚನೆ ಬೇಡ.

ಶೆಡ್ಡು ಮನೆಯಿಂದ ದೂರ ಇದ್ದರೆ ಎಕ್ಸ್‌ಟೆನ್ಶನ್ ಬೇಕೇ ಬೇಕು. 2.5 ಸ್ಕ್ವೇರ್ ಎಂಎಂ ತಾಮ್ರದ, ಅರ್ಥಿಂಗ್ ಸೇರಿ ಮೂರು ಎಳೆಯ ವೈರು ತೆಗೆದುಕೊಳ್ಳಿ. ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಕಿ. ಸುತ್ತಿದಂತೆಯೇ ಇಟ್ಟರೆ ಒಳಗಿನ ವೈರು ಬಿಸಿಯಾಗಿ ಕರಗುತ್ತದೆ. ವೈರು ಕಿಡಿ ಬೀಳುವ ದಾರಿಯಲ್ಲಿ ಇರಬಾರದು. ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇದ್ದರೆ ಮಾತ್ರ ಮಳೆಗಾಲದಲ್ಲಿ ಯಂತ್ರ ಮುಟ್ಟಿ. ಅದರ ಟೆಸ್ಟ್ ಗುಂಡಿ ಒತ್ತಿ, ಬೀಳುತ್ತದೆಯೋ ಇಲ್ಲವೋ ನೋಡಿಕೊಳ್ಳಿ.

ಮುಂದಿನದು ವೋಲ್ಟೇಜು. ತೋಟಗಳ ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಬೀಳುವುದುಂಟು. ವೋಲ್ಟೇಜ್ ಕಡಿಮೆಯಾದರೆ ವೀಲಿನ ಸುತ್ತು ಕಡಿಮೆ. ಕಟ್ ಆಗುತ್ತಿಲ್ಲವೆಂದು ನೀವು ಜಾಸ್ತಿ ಒತ್ತುತ್ತೀರಿ. ಮೋಟರ್ ಬಿಸಿಯಾಗುತ್ತದೆ, ವೀಲ್ ಸಿಕ್ಕಿಕೊಳ್ಳುತ್ತದೆ. ಮೀಟರು 200 ವೋಲ್ಟಿಗಿಂತ ಕೆಳಗೆ ತೋರಿಸಿದರೆ ನಾನು ಆ ಹೊತ್ತಿಗೆ ಕೆಲಸ ಶುರು ಮಾಡುವುದಿಲ್ಲ.

ಕಟ್ ಮಾಡುತ್ತಿರುವಾಗಲೇ ಕರೆಂಟು ಹೋದರೆ ಮೊದಲು ಸ್ವಿಚ್ಚನ್ನು ಒತ್ತಿದಂತೆಯೇ ಹಿಡಿದಿಡುವ ಲಾಕ್ ಬಿಡಿಸಿ, ವೀಲನ್ನು ಮೇಲೆತ್ತಿ, ಪ್ಲಗ್ ಕೀಳಿ. ಟಾರ್ಚು ಹುಡುಕುವುದು ಆಮೇಲೆ. ಲಾಕ್ ಬಿದ್ದ ಸ್ಥಿತಿಯಲ್ಲೇ ಬಿಟ್ಟು ಎದ್ದು ಹೋದರೆ, ಕರೆಂಟು ಬಂದ ಕೂಡಲೇ ಯಂತ್ರ ತಾನಾಗಿ ತಿರುಗುತ್ತದೆ. ಪಕ್ಕದಲ್ಲಿ ಮಕ್ಕಳೋ ನಾಯಿಯೋ ಇದ್ದರೆ ಏನಾಗಬಹುದು ಯೋಚಿಸಿ.

## ಹಂತ 4: ಮೈಮೇಲೆ ಏನಿರಬೇಕು, ಏನಿರಬಾರದು

ಮೊದಲು ತೆಗೆಯಬೇಕಾದ್ದು. ಲುಂಗಿ, ಪಂಚೆ, ಹೆಗಲ ಮೇಲಿನ ಟವೆಲ್, ಕುತ್ತಿಗೆಯ ಸರ, ಕೈಯ ದಾರ, ಉಂಗುರ, ಉದ್ದ ತೋಳಿನ ಸಡಿಲ ಅಂಗಿ. ಕುಕ್ಕರುಗಾಲಲ್ಲಿ ಕೂತಾಗ ಲುಂಗಿಯ ತುದಿ ವೀಲಿನ ಹತ್ತಿರವೇ ಜೋತಾಡುತ್ತಿರುತ್ತದೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ದಪ್ಪ ಹತ್ತಿಯ ಪ್ಯಾಂಟು ಹಾಕಿ, ಅದನ್ನು ಶೂವಿನ ಮೇಲೆ ಬಿಡಿ, ಒಳಗೆ ಸಿಕ್ಕಿಸಬೇಡಿ. ಸಿಕ್ಕಿಸಿದರೆ ಕಿಡಿ ನೇರ ಶೂ ಒಳಗೆ ಇಳಿಯುತ್ತದೆ. ಹವಾಯಿ ಚಪ್ಪಲಿ ಬೇಡ.

ಕಣ್ಣಿಗೆ ಅಂಚು ಮುಚ್ಚಿದ ಗಾಗಲ್ಸ್, ಅದರ ಮೇಲೆ ಮುಖ ಪೂರ್ತಿ ಮುಚ್ಚುವ ಶೀಲ್ಡ್. ಎರಡೂ ಬೇಕು. ಓದುವ ಕನ್ನಡಕ ಇದಕ್ಕೆ ಸಾಲುವುದಿಲ್ಲ, ಪಕ್ಕದಿಂದ ಚೂರು ಬರುತ್ತದೆ. ಕಿವಿಗೆ ಪ್ಲಗ್ ಅಥವಾ ಮಫ್, ಮೂಗಿಗೆ ಎನ್95 ಮಾಸ್ಕ್. ಕೈಗವಸು ಚರ್ಮದ್ದಾಗಿದ್ದು ಕೈಗೆ ಬಿಗಿಯಾಗಿ ಕೂರಬೇಕು. ನೂಲಿನ ಸಡಿಲ ಗವಸು ವೀಲಿಗೆ ಸಿಕ್ಕಿದರೆ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ.

ಇಷ್ಟಾದರೂ ಕಣ್ಣಿಗೆ ಚೂರು ಬಿದ್ದರೆ ಉಜ್ಜಬೇಡಿ. ಸೀರೆಯ ಸೆರಗಿನ ತುದಿಯಲ್ಲಿ ತೆಗೆಸಿಕೊಳ್ಳುವುದು, ಎಣ್ಣೆ ಹನಿಸುವುದು ಮಾಡಬೇಡಿ. ಕಣ್ಣಿಗೆ ಕಚ್ಚಿಕೊಂಡ ಕಬ್ಬಿಣದ ಚೂರು ಬೇಗ ತುಕ್ಕು ಹಿಡಿದು ಸುತ್ತಲೂ ಕಲೆ ಬಿಡುತ್ತದೆ. ಚೂರು ತೆಗೆಯುವುದು ಕಣ್ಣಿನ ಡಾಕ್ಟರ ಕೆಲಸ. ಅದೇ ದಿನ ತೋರಿಸಿ. ಬೆಳಗ್ಗೆ ನೋಡೋಣ ಅನ್ನಬೇಡಿ.

## ಹಂತ 5: ವೀಲ್ ಪರೀಕ್ಷೆ ಮಾಡಿ ಕೂರಿಸಿ

ಪ್ಲಗ್ ಕಿತ್ತಿಟ್ಟ ಮೇಲೆಯೇ ಈ ಹಂತ. ಸ್ವಿಚ್ ಆಫ್ ಆಗಿದೆ ಅಂದರೆ ಸಾಲದು.

ವೀಲಿನ ಮೇಲೆ ಬರೆದದ್ದನ್ನು ಓದಿ. 14 ಇಂಚಿನದಕ್ಕೆ 355 ಮಿ.ಮೀ. ವ್ಯಾಸ, 25.4 ಮಿ.ಮೀ. ತೂತು, ಸುಮಾರು 3 ಮಿ.ಮೀ. ದಪ್ಪ ಇರುತ್ತದೆ. ಸಾಮಾನ್ಯವಾಗಿ 4300 ಸುತ್ತಿನ ಆಸುಪಾಸಿನ ಗರಿಷ್ಠ ವೇಗ ಬರೆದಿರುತ್ತದೆ. ಯಂತ್ರದ ಪ್ಲೇಟಿನ ಮೇಲಿನ ವೇಗ ಯಾವತ್ತೂ ವೀಲಿನ ವೇಗಕ್ಕಿಂತ ಕಡಿಮೆ ಇರಬೇಕು. 3800 ಸುತ್ತಿನಲ್ಲಿ ಈ ವೀಲಿನ ಅಂಚು ಗಂಟೆಗೆ 250 ಕಿ.ಮೀ.ಗೂ ಮೀರಿದ ವೇಗದಲ್ಲಿ ಹೋಗುತ್ತಿರುತ್ತದೆ. ಒಡೆದ ತುಂಡೂ ಅದೇ ವೇಗದಲ್ಲಿ ಹಾರುತ್ತದೆ.

ನಡುವಿನ ಲೋಹದ ರಿಂಗನ್ನು ನೋಡಿ. ಒಳ್ಳೆಯ ವೀಲಿನಲ್ಲಿ ಅಲ್ಲಿ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದು ಆ ವೀಲಿನ ಕೊನೆಯ ದಿನಾಂಕ, ಸಾಮಾನ್ಯವಾಗಿ ತಯಾರಾದ ಮೇಲೆ 3 ವರ್ಷ. ಕಲ್ಲಿನ ಪುಡಿಯನ್ನು ಹಿಡಿದಿಟ್ಟಿರುವುದು ರಾಳದ ಅಂಟು, ಅದು ವಯಸ್ಸಿಗೆ, ತೇವಕ್ಕೆ ಸಡಿಲವಾಗುತ್ತದೆ. ಅಂಗಡಿಯಲ್ಲೂ ನೋಡಿಯೇ ತನ್ನಿ. ಅಂಚು ಮುರಿದದ್ದು, ಬಿರುಕು ಬಿಟ್ಟದ್ದು, ಬಾಗಿದ್ದು, ಒಮ್ಮೆ ನೆಲಕ್ಕೆ ಬಿದ್ದದ್ದು, ಮಳೆಗೆ ನೆನೆದದ್ದು, ಎಲ್ಲವೂ ಕಸಕ್ಕೆ. ಎಸೆಯುವ ಮೊದಲು ಮುರಿದು ಹಾಕಿ, ಇನ್ನೊಬ್ಬರು ಎತ್ತಿಕೊಳ್ಳಬಾರದು.

ಕೂರಿಸುವಾಗ ಎರಡೂ ಬದಿಯ ಫ್ಲ್ಯಾಂಜ್ (ವೀಲನ್ನು ಅವುಚಿ ಹಿಡಿಯುವ ಲೋಹದ ಬಿಲ್ಲೆ) ಒರೆಸಿ. ಒಂದು ಸಣ್ಣ ಚೂರು ಸಿಕ್ಕಿಕೊಂಡರೂ ವೀಲ್ ಅಲ್ಲಾಡುತ್ತದೆ. ಬೋಲ್ಟನ್ನು ಯಂತ್ರದ ಜೊತೆ ಬಂದ ಸ್ಪ್ಯಾನರಿನಲ್ಲೇ ಬಿಗಿ ಮಾಡಿ. ಪೈಪು ತೊಡಿಸಿ ಉದ್ದ ಮಾಡಿ ಒತ್ತಿದರೆ ವೀಲ್ ನಡುವಿನಲ್ಲೇ ಬಿರುಕು ಬಿಡುತ್ತದೆ. ಕೈಯಲ್ಲಿ ತಿರುಗಿಸಿ ಎಲ್ಲೂ ತಾಗುತ್ತಿಲ್ಲವೆಂದು ನೋಡಿ. ವೀಲನ್ನು ಮುಚ್ಚುವ ಗಾರ್ಡ್ ಸರಿಯಾಗಿ ಕೂತಿದೆಯೇ ನೋಡಿ. ಆಮೇಲೆ ಪ್ಲಗ್ ಹಾಕಿ, ಪಕ್ಕಕ್ಕೆ ನಿಂತು, ಹೊಸ ವೀಲಾದರೆ ಒಂದು ನಿಮಿಷ ಸುಮ್ನೆ ಓಡಿಸಿ. ಹಳೆಯದಾದರೆ ಅರ್ಧ ನಿಮಿಷ. ಒಡೆಯುವ ವೀಲ್ ಹೆಚ್ಚಾಗಿ ಈ ಹೊತ್ತಿನಲ್ಲೇ ಒಡೆಯುತ್ತದೆ, ಆಗ ನೀವು ಅದರ ನೇರದಲ್ಲಿ ಇರಬಾರದು.

ಸ್ಟೇನ್‌ಲೆಸ್ ಸ್ಟೀಲಿಗೆ ಅದಕ್ಕೆಂದೇ ಬರುವ ವೀಲ್ ಬೇರೆ ಇದೆ. ಎಂಎಸ್ ಕೊಯ್ದ ವೀಲನ್ನೇ ಅದಕ್ಕೆ ಬಳಸಿದರೆ ಕಟ್ ಮಾಡಿದ ಕಡೆ ತುಕ್ಕು ಬರುತ್ತದೆ. ಅಲ್ಯುಮಿನಿಯಂ ಈ ವೀಲಿಗೆ ಮೆತ್ತಿಕೊಳ್ಳುತ್ತದೆ, ಬೇಡ.

## ಹಂತ 6: ಅಳತೆ ಮತ್ತು ಗುರುತು

ವೀಲ್ ಪ್ರತಿ ಕಟ್ಟಿಗೆ ಸುಮಾರು 3 ಮಿ.ಮೀ. ತಿನ್ನುತ್ತದೆ. ಪೂರ್ತಿ ಪೈಪಿಗೆ ಒಮ್ಮೆಲೇ ನಾಲ್ಕೂ ಗುರುತು ಹಾಕಿ ಕಟ್ ಮಾಡುತ್ತಾ ಹೋದರೆ ಕೊನೆಯ ತುಂಡು ಗಿಡ್ಡವಾಗುತ್ತದೆ. ಒಂದು ಅಳೆಯಿರಿ, ಕಟ್ ಮಾಡಿ, ಆಮೇಲೆ ಮುಂದಿನದು ಅಳೆಯಿರಿ. ಗುರುತಿನ ಯಾವ ಬದಿಗೆ ವೀಲ್ ಬೀಳಬೇಕು ಅನ್ನುವುದಕ್ಕೆ ಬೇಡದ ಬದಿಯಲ್ಲಿ ಒಂದು ಗುಣಾಕಾರದ ಚಿಹ್ನೆ ಹಾಕಿಕೊಳ್ಳಿ. ಸೀಮೆಸುಣ್ಣದ ಗೆರೆಯೇ 2 ಮಿ.ಮೀ. ದಪ್ಪ ಇರುತ್ತದೆ. ಮೊಳೆಯ ತುದಿಯಲ್ಲಿ ಗೀರಿ.

ನಮ್ಮ ಚೌಕಟ್ಟಿನ ಮೂಲೆಗಳು 45 ಡಿಗ್ರಿ. ಯಂತ್ರದ ಫೆನ್ಸಿನ ಮೇಲಿರುವ ಡಿಗ್ರಿ ಗುರುತನ್ನು ನಂಬಬೇಡಿ. ಮೊದಲು ಫೆನ್ಸನ್ನು 90ಕ್ಕೆ ಇಟ್ಟು, ಪ್ಲಗ್ ಕಿತ್ತು, ವೀಲನ್ನು ಕೆಳಗಿಳಿಸಿ, ವೀಲಿನ ಬದಿಗೂ ಫೆನ್ಸಿಗೂ ಮೂಲೆಮಟ್ಟ ಇಟ್ಟು ನೋಡಿ. 45ಕ್ಕೆ ತಿರುಗಿಸಿದ ಮೇಲೆ ಎರಡು ಚೂರು ಪೈಪು ಕಟ್ ಮಾಡಿ, ಜೋಡಿಸಿ, ಮೂಲೆಮಟ್ಟ ಇಡಿ. ಫೆನ್ಸ್ ಅರ್ಧ ಡಿಗ್ರಿ ತಪ್ಪಿದ್ದರೆ ಇಲ್ಲಿ ಒಂದು ಡಿಗ್ರಿಯಾಗಿ ಕಾಣುತ್ತದೆ, ತಪ್ಪು ಹಿಡಿಯುವುದು ಸುಲಭ. ಸರಿಯಾದ ಮೇಲೆ ಫೆನ್ಸಿನ ಬೋಲ್ಟನ್ನು ಗಟ್ಟಿಯಾಗಿ ಬಿಗಿ ಮಾಡಿ.

ಓರೆ ಕಟ್ಟಿನಲ್ಲಿ 6 ಅಡಿ, 3 ಅಡಿ ಅಳತೆಯನ್ನು ಯಾವಾಗಲೂ ಹೊರಗಿನ ಉದ್ದ ಬದಿಯಲ್ಲಿ, ಚೂಪಿನಿಂದ ಚೂಪಿಗೆ ತೆಗೆದುಕೊಳ್ಳಿ. ಪ್ರತಿ ಕಟ್ ಆದ ಮೇಲೆ ಪೈಪನ್ನು ಇದ್ದಲ್ಲೇ ಅರ್ಧ ಸುತ್ತು ಉರುಳಿಸಿ. ಹಾಗೆ ಮಾಡಿದರೆ ಫೆನ್ಸ್ ತಿರುಗಿಸುವ ಕೆಲಸವೇ ಇಲ್ಲ, ಒಂದು ತುಂಡಿನ ಓರೆಯೇ ಮುಂದಿನ ತುಂಡಿನ ಓರೆಯಾಗುತ್ತದೆ, ಪೈಪೂ ಉಳಿಯುತ್ತದೆ. ಉರುಳಿಸುವುದು ಮರೆತರೆ ಎರಡೂ ತುದಿ ಒಂದೇ ಕಡೆ ವಾಲಿದ ತುಂಡು ಸಿಗುತ್ತದೆ, ಚೌಕಟ್ಟಿಗೆ ಆಗುವುದಿಲ್ಲ.

## ಹಂತ 7: ಹಿಡಿಸುವುದು ಮತ್ತು ಆಧಾರ ಕೊಡುವುದು

ಸೊಟ್ಟ ಕಟ್ಟಿಗೂ ಒಡೆದ ವೀಲಿಗೂ ಬಹುಪಾಲು ಕಾರಣ ಇಲ್ಲೇ ಇದೆ. ಈ ಹಂತಕ್ಕೆ ಸಮಯ ಕೊಡಿ.

20 ಅಡಿ ಪೈಪಿನ ಒಂದು ತುದಿಯನ್ನು ವೈಸಿಗೆ ಕೊಟ್ಟು, ಇನ್ನೊಂದು ತುದಿಯನ್ನು ನೆಲಕ್ಕೆ ಬಿಟ್ಟರೆ ಏನಾಗುತ್ತದೆ ನೋಡಿ. ಪೈಪಿನ ಭಾರಕ್ಕೆ ಅದು ವೈಸಿನಲ್ಲಿ ಸ್ವಲ್ಪ ಮೇಲೇಳುತ್ತದೆ. ಕಟ್ ಮೇಲಿನಿಂದ ಕೆಳಗೆ ಓರೆಯಾಗುತ್ತದೆ. ಜನ ಫೆನ್ಸನ್ನು ಬೈಯುತ್ತಾ ಕೂರುತ್ತಾರೆ. ಹಾಗಾಗಿ ಪೈಪಿನ ಉದ್ದ ಬದಿಗೆ ಯಂತ್ರದ ತಳದಷ್ಟೇ ಎತ್ತರಕ್ಕೆ ಎರಡು ಕಡೆ ಆಧಾರ ಕೊಡಿ. ಇಟ್ಟಿಗೆ, ಜಂಬಿಟ್ಟಿಗೆ ಕಲ್ಲು, ಮರದ ತುಂಡು ಏನಾದರೂ ಆಗಬಹುದು. ಮೇಲೆ ಲೆವೆಲ್ ಇಟ್ಟು ನೋಡಿ.

ಕಟ್ ಆಗಿ ಬೀಳುವ ಬದಿಯ ಮಾತು ಬೇರೆ. ಅದು ಬಿಡುವಾಗಿ ಕೆಳಗೆ ಬೀಳಬೇಕು. ಎರಡೂ ಬದಿಗೆ ಗಟ್ಟಿ ಆಧಾರ ಕೊಟ್ಟರೆ ಕಟ್ ಮುಗಿಯುವ ಹೊತ್ತಿಗೆ ಪೈಪು ನಡುವೆ ಕುಸಿದು ವೀಲನ್ನು ಹಿಸುಕುತ್ತದೆ. ಹಿಸುಕಿದ ವೀಲ್ ಸಿಕ್ಕಿ ನಿಲ್ಲುತ್ತದೆ, ಇಲ್ಲವೇ ಒಡೆಯುತ್ತದೆ. ಬೀಳುವ ತುಂಡು ಉದ್ದವಾಗಿದ್ದರೆ ಅದರ ಕೆಳಗೆ ಆಧಾರ ಇಡಿ, ಆದರೆ ಕೂದಲೆಳೆಯಷ್ಟು ತಗ್ಗಿರಲಿ. ಆಗ ಕಟ್ಟಿನ ಬಾಯಿ ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುವುದಿಲ್ಲ. ಆ ತುಂಡನ್ನು ಯಾರಾದರೂ ಕೈಯಲ್ಲಿ ಹಿಡಿದುಕೊಳ್ಳುವುದಂತೂ ಬೇಡ. ಸಹಾಯಕ್ಕೆ ಬಂದವರು ಒಳ್ಳೆಯ ಮನಸ್ಸಿನಿಂದ ತುಸು ಎತ್ತಿ ಹಿಡಿಯುತ್ತಾರೆ, ವೀಲ್ ಹಿಸುಕುವುದು ಅಲ್ಲೇ.

ಒಂದೇ ಅಳತೆಯ ತುಂಡುಗಳಿಗೆ ಸ್ಟಾಪರ್ (ಪೈಪಿನ ತುದಿ ತಾಗಿ ನಿಲ್ಲುವ ತಡೆ) ಇಡುವವರು ಇದನ್ನು ಗಮನಿಸಿ. ಬೀಳುವ ಬದಿಯಲ್ಲಿ ಸ್ಟಾಪರ್ ಇಟ್ಟಿದ್ದರೆ, ಪೈಪನ್ನು ಅದಕ್ಕೆ ತಾಗಿಸಿ, ವೈಸ್ ಬಿಗಿ ಮಾಡಿ, ಆಮೇಲೆ ಸ್ಟಾಪರ್ ತೆಗೆದು ಕಟ್ ಮಾಡಿ. ಬಿಟ್ಟರೆ ಕಟ್ ಆದ ತುಂಡು ವೀಲಿಗೂ ಸ್ಟಾಪರಿಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ಸಾಮಾನನ್ನು ಯಾವ ಭಂಗಿಯಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ವೀಲಿಗೆ ಒಂದು ಸಲಕ್ಕೆ ಸಿಗುವ ಕಬ್ಬಿಣ ಕಡಿಮೆ ಇದ್ದಷ್ಟೂ ಒಳ್ಳೆಯದು. ಎಲ್ ಆಂಗಲನ್ನು ಬೋರಲು ಹಾಕಿ, ಎರಡು ಅಂಚು ಕೆಳಗೆ, ಮೂಲೆ ಮೇಲೆ ಬರುವಂತೆ ಹಿಡಿಸಿ. ಒಂದು ಬದಿಯನ್ನು ಚಪ್ಪಟೆ ಮಲಗಿಸಿದರೆ ವೀಲ್ ಕೊನೆಯಲ್ಲಿ ಪೂರ್ತಿ ಅಗಲವನ್ನು ಒಮ್ಮೆಲೇ ಕೊಯ್ಯಬೇಕಾಗುತ್ತದೆ, ಆಗಲೇ ಅದು ನೀಲಿಯಾಗುವುದು. ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ. ಚೌಕ ಪೈಪು ಚಪ್ಪಟೆಯಾಗಿಯೇ ಇರಲಿ, ತೆಳುವಾಗಿರುವುದರಿಂದ ತೊಂದರೆ ಇಲ್ಲ.

ಗಿಡ್ಡ ತುಂಡು ಹಿಡಿಸುವಾಗ ವೈಸಿನ ದವಡೆ ಒಂದು ಬದಿಗೆ ವಾಲುತ್ತದೆ. ಇನ್ನೊಂದು ಬದಿಯಲ್ಲಿ ಅದೇ ದಪ್ಪದ ಒಂದು ಚೂರು ಇಟ್ಟು ಬಿಗಿ ಮಾಡಿ. ವೈಸ್ ಹಿಡಿಯಲಾರದಷ್ಟು ಸಣ್ಣ ತುಂಡಾದರೆ ಹ್ಯಾಕ್ಸಾ ಸರಿ. ಬಿಗಿ ಮಾಡಿದ ಮೇಲೆ ಪೈಪನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ. ಪೈಪಿನ ಜೊತೆ ಯಂತ್ರವೂ ಅಲ್ಲಾಡಬೇಕು. ಪೈಪು ಮಾತ್ರ ಅಲ್ಲಾಡಿದರೆ ಮತ್ತೆ ಬಿಗಿ ಮಾಡಿ.

## ಹಂತ 8: ಕಟ್ ಮಾಡಿ

ವೀಲಿನ ನೇರಕ್ಕೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ವೀಲ್ ಪೈಪಿಗೆ ತಾಗದಂತೆ ಮೇಲಿರುವಾಗಲೇ ಸ್ವಿಚ್ ಒತ್ತಿ. ಪೂರ್ತಿ ವೇಗ ಬರಲು ಎರಡು ಮೂರು ಸೆಕೆಂಡ್ ಬಿಡಿ. ಪೈಪಿನ ಮೇಲೆ ಇಟ್ಟು ಸ್ವಿಚ್ ಒತ್ತಿದರೆ ವೀಲ್ ಎಗರುತ್ತದೆ.

ಮೊದಲು ಮೆಲ್ಲಗೆ ತಾಗಿಸಿ ಒಂದು ಗೀರು ಮಾಡಿ, ಎತ್ತಿ ನೋಡಿ. ಗುರುತಿನ ಸರಿಯಾದ ಬದಿಯಲ್ಲಿದೆಯೇ? ಇದ್ದರೆ ಮುಂದುವರಿಸಿ. ಒಂದೇ ಸಮನೆ ಒತ್ತಿ. ಎಷ್ಟು ಒತ್ತಬೇಕು ಅನ್ನುವುದನ್ನು ಕಿವಿಯೇ ಹೇಳುತ್ತದೆ: ಮೋಟರಿನ ಸದ್ದು ತುಸು ಇಳಿಯಬಹುದು, ಗೊಗ್ಗರು ಆಗಬಾರದು. ಗೊಗ್ಗರಾದರೆ ಕೈ ಸಡಿಲಿಸಿ. ಹಾಗೆಂದು ಹೆದರಿ ಹೆದರಿ ತಾಗಿಸುತ್ತಾ ಕೂತರೂ ತಪ್ಪೇ. ವೀಲಿನ ಅಂಚು ನುಣುಪಾಗಿ, ಕೊಯ್ಯುವುದು ಬಿಟ್ಟು ಬರೀ ಉಜ್ಜಿ ಬಿಸಿ ಮಾಡುತ್ತದೆ.

ಕೊನೆಯ ಕಾಲು ಭಾಗಕ್ಕೆ ಬಂದಾಗ ಒತ್ತಡ ಕಡಿಮೆ ಮಾಡಿ. ತುಂಡು ಬಿದ್ದ ಮೇಲೆ ವೀಲನ್ನು ಮೇಲೆತ್ತಿ, ಸ್ವಿಚ್ ಬಿಡಿ, ನಿಲ್ಲುವವರೆಗೆ ಕಾಯಿರಿ. ತಿರುಗುತ್ತಿರುವಾಗ ಬಿದ್ದ ತುಂಡನ್ನು ಎತ್ತಲು ಕೈ ಹಾಕಬೇಡಿ. ನಾಲ್ಕಾರು ಕಟ್ ಆದ ಮೇಲೆ ಯಂತ್ರವನ್ನು ಅರ್ಧ ನಿಮಿಷ ಖಾಲಿ ಓಡಿಸಿ. ಒಳಗಿನ ಫ್ಯಾನು ಮೋಟರನ್ನು ತಣ್ಣಗೆ ಮಾಡುತ್ತದೆ. ಬಿಸಿಯಲ್ಲೇ ನಿಲ್ಲಿಸಿ ಬಿಡುವುದು ಮೋಟರಿಗೆ ಒಳ್ಳೆಯದಲ್ಲ.

ಜಿಐ (ಸತುವಿನ ಲೇಪದ ಕಬ್ಬಿಣ) ಪೈಪು ಕಟ್ ಮಾಡುವಾಗ ಸತುವಿನ ಬಿಳಿ ಹೊಗೆ ಏಳಬಹುದು. ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ. ಆ ಹೊಗೆ ಜಾಸ್ತಿ ಕುಡಿದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ ಬರುತ್ತದೆ.

## ಹಂತ 9: ಗ್ರೈಂಡರಿನಲ್ಲಿ ಕಟ್ ಮಾಡುವುದಾದರೆ

ಮೇಲಿನ ಎಲ್ಲ ಹಂತಗಳೂ ಇಲ್ಲೂ ಬೇಕು. ಜೊತೆಗೆ ಇಲ್ಲಿ ಅಪಾಯ ಜಾಸ್ತಿ, ಯಾಕೆಂದರೆ ಯಂತ್ರ ನಿಮ್ಮ ಕೈಯಲ್ಲೇ ಇದೆ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ.

ನಮ್ಮ ಕಡೆ ಎರಡು ಅಭ್ಯಾಸ ಎಲ್ಲೆಲ್ಲೂ ಕಾಣುತ್ತದೆ. ಒಂದು, ಗಾರ್ಡ್ ಕಿತ್ತು 5 ಅಥವಾ 7 ಇಂಚಿನ ವೀಲ್ ಹಾಕುವುದು. ಆ ವೀಲ್ ಇಷ್ಟು ವೇಗಕ್ಕೆ ಮಾಡಿದ್ದಲ್ಲದಿರಬಹುದು, ಒಡೆದರೆ ತಡೆಯಲು ಗಾರ್ಡೂ ಇಲ್ಲ. ಇನ್ನೊಂದು, ಪೈಪನ್ನು ಕಾಲಿನಲ್ಲಿ ಒತ್ತಿ ಹಿಡಿದು ಕೊಯ್ಯುವುದು. ಗ್ರೈಂಡರ್ ಎಗರಿದರೆ ಅದು ಬರುವುದು ನೇರ ಕಾಲಿಗೆ, ತೊಡೆಗೆ. ಎರಡನ್ನೂ ಇವತ್ತೇ ಬಿಡಿ. ಪೈಪನ್ನು ಬೆಂಚ್ ವೈಸಿಗೋ, ಸಿ ಕ್ಲಾಂಪಿನಲ್ಲಿ ಮೇಜಿಗೋ ಹಿಡಿಸಿ.

ಪಕ್ಕದ ಹಿಡಿ ಹಾಕಿ, ಎರಡೂ ಕೈಯಲ್ಲಿ ಹಿಡಿಯಿರಿ. ಗೆರೆಯನ್ನು ಪೈಪಿನ ನಾಲ್ಕೂ ಮುಖಕ್ಕೆ ಮೂಲೆಮಟ್ಟದಲ್ಲಿ ಎಳೆಯಿರಿ. ಮೊದಲ ಸುತ್ತಿನಲ್ಲಿ ನಾಲ್ಕೂ ಕಡೆ ಬರೀ ಗೀರು ಮಾಡಿ, ಆಮೇಲೆ ಒಂದೊಂದೇ ಮುಖ ಕೊಯ್ಯಿರಿ. ಒಂದೇ ಮುಖದಿಂದ ಪೂರ್ತಿ ಇಳಿಸಲು ಹೋದರೆ ಆ ಬದಿಯ ಗೆರೆ ತಪ್ಪೇ ತಪ್ಪುತ್ತದೆ. ವೀಲ್ ಕಟ್ಟಿನೊಳಗೆ ಇರುವಾಗ ಗ್ರೈಂಡರನ್ನು ತಿರುಚಬೇಡಿ. ದಾರಿ ತಪ್ಪಿದ್ದರೆ ಹೊರಗೆ ತೆಗೆದು ಮತ್ತೆ ಶುರು ಮಾಡಿ. 1 ಮಿ.ಮೀ. ದಪ್ಪದ ಕಟಿಂಗ್ ವೀಲಿನ ಬದಿಯಿಂದ ಅಂಚು ಉಜ್ಜಬೇಡಿ. ಅದು ಅಡ್ಡ ಒತ್ತಡ ತಡೆಯುವುದಿಲ್ಲ, ಉಜ್ಜಲು ದಪ್ಪ ಗ್ರೈಂಡಿಂಗ್ ವೀಲ್ ಅಥವಾ ಫ್ಲ್ಯಾಪ್ ಡಿಸ್ಕ್ ಹಾಕಿ.

## ಈ ಸೂಚನೆ ಕಂಡರೆ ತಕ್ಷಣ ನಿಲ್ಲಿಸಿ

ಕಟ್ ಮಾಡಿದ ಮುಖ ನೀಲಿಯಾಗಿದ್ದರೆ ಬಿಸಿ ಮಿತಿ ಮೀರಿದೆ. ತೀರಾ ಮೆಲ್ಲಗೆ ಒತ್ತುತ್ತಿದ್ದೀರಿ, ಅಥವಾ ವೀಲಿನ ಅಂಚು ನುಣುಪಾಗಿದೆ, ಅಥವಾ ಸಾಮಾನು ಚಪ್ಪಟೆ ಮಲಗಿದೆ.

ಕಿಡಿ ಹಿಂದಕ್ಕೆ ಹೋಗದೆ ವೀಲಿನ ಜೊತೆಗೇ ಸುತ್ತು ಬಂದು ಮುಂದೆ ಬೀಳುತ್ತಿದ್ದರೆ ವೀಲ್ ಕೊಯ್ಯುತ್ತಿಲ್ಲ, ಉಜ್ಜುತ್ತಿದೆ. ಭಂಗಿ ಬದಲಿಸಿ.

ಯಂತ್ರ ನಡುಗಲು ಶುರುವಾದರೆ ವೀಲ್ ಒಂದು ಕಡೆ ಸವೆದಿದೆ, ಬಿರುಕು ಬಿಟ್ಟಿದೆ, ಇಲ್ಲವೇ ಬೋಲ್ಟ್ ಸಡಿಲ. ಈ ಒಂದು ಸೂಚನೆಯನ್ನು "ಇದೊಂದು ಕಟ್ ಮುಗಿಸಿಬಿಡೋಣ" ಎಂದು ಯಾರೂ ದಾಟಬಾರದು.

ಮೋಟರಿನ ಗಾಳಿಕಿಂಡಿಯೊಳಗೆ ಜಾಸ್ತಿ ನೀಲಿ ಕಿಡಿ ಕಂಡರೆ ಕಾರ್ಬನ್ ಬ್ರಷ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಜೋಡಿ ತುಂಡು) ಸವೆದಿದೆ. ಎರಡನ್ನೂ ಒಟ್ಟಿಗೆ ಬದಲಿಸಿ. ಸುಟ್ಟ ವಾಸನೆಯೂ ಸೇರಿದ್ದರೆ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಯಂತ್ರದ ಮೈ ಮುಟ್ಟಿದಾಗ ಜುಮ್ಮೆಂದರೆ ಮತ್ತೆ ಮುಟ್ಟಬೇಡಿ. ಮೇನ್ ಸ್ವಿಚ್ ಆಫ್ ಮಾಡಿ, ಅರ್ಥಿಂಗ್ ನೋಡಿಸಿ.

## ಹಂತ 10: ಕಟ್ ಆದ ಮೇಲೆ

ತುದಿ ಕೆಂಪಗೆ ಕಾಣದಿದ್ದರೂ ಚರ್ಮ ಸುಡುವಷ್ಟು ಬಿಸಿ ಇರುತ್ತದೆ. ತಾನಾಗಿ ಆರಲಿ. ಆಮೇಲೆ ಒಳಗೂ ಹೊರಗೂ ಅಂಚಿನ ಚೂಪನ್ನು ಅರದಿಂದ ತೆಗೆಯಿರಿ. ಈ ಚೂಪು ಬ್ಲೇಡಿನಂತೆ ಕೊಯ್ಯುತ್ತದೆ, ವೆಲ್ಡಿಂಗ್ ಜೋಡಣೆಯನ್ನೂ ಸರಿಯಾಗಿ ಕೂರಲು ಬಿಡುವುದಿಲ್ಲ. ನಾಲ್ಕೂ ತುಂಡನ್ನು ನೆಲದ ಮೇಲೆ ಜೋಡಿಸಿ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆ ಒಂದೇ ಆದರೆ ಚೌಕ ಸರಿಯಾಗಿದೆ. ಆಗುಂಬೆ, ಹೊಸನಗರದ ಮಳೆಗಾಲದ ಗಾಳಿಗೆ ಹೊಸ ಕಟ್ಟಿನ ಮುಖ ಮರುದಿನವೇ ಕೆಂಪಾಗುತ್ತದೆ. ಅದೇ ದಿನ ವೆಲ್ಡ್ ಮಾಡಿ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಿರಿ. ವೆಲ್ಡಿಂಗ್ ನಾಳೆಗೆ ಇದ್ದರೆ ತುಂಡುಗಳನ್ನು ಒಣಗಿದ ಜಾಗದಲ್ಲಿ ಮುಚ್ಚಿಡಿ.

ಕೆಲಸ ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಅಲ್ಲೇ ಇರಿ. ಗುಡಿಸುವುದು, ಸಾಮಾನು ಎತ್ತಿಡುವುದು ಆಗ ಮಾಡಿಕೊಳ್ಳಬಹುದು. ಹೊರಡುವ ಮೊದಲು ಕಟ್ಟಿಗೆ ರಾಶಿ, ಸಿಪ್ಪೆ, ತಗಡಿನ ಹಿಂದೆ ಒಮ್ಮೆ ಸುತ್ತು ಹಾಕಿ, ಮೂಸಿ ನೋಡಿ. ಸಿಪ್ಪೆ ಹತ್ತಿರ ಇದ್ದರೆ ರಾತ್ರಿ ಮಲಗುವ ಮೊದಲು ಇನ್ನೊಮ್ಮೆ ಹೋಗಿ ಬನ್ನಿ.

ಯಂತ್ರದ ಮೇಲಿನ ಕಬ್ಬಿಣದ ಪುಡಿಯನ್ನು ಬ್ರಷ್ಷಿನಿಂದ ಒರೆಸಿ. ಅದು ಮೋಟರಿನೊಳಗೆ ಸೇರಿ ತೇವ ಹಿಡಿದರೆ ಶಾರ್ಟ್ ಆಗುತ್ತದೆ. ಉಳಿದ ವೀಲುಗಳನ್ನು ಯಂತ್ರದಲ್ಲೇ ಬಿಡದೆ ಬಿಚ್ಚಿ, ಚಪ್ಪಟೆಯಾಗಿ ಮಲಗಿಸಿ, ಮುಚ್ಚಳ ಗಟ್ಟಿಯಾಗಿ ಕೂರುವ ಡಬ್ಬಿಯಲ್ಲಿ ಇಡಿ. ಸಿಮೆಂಟ್ ನೆಲದ ಮೇಲೆ, ಮಳೆ ಹೊಡೆಯುವ ಗೋಡೆಗೆ ಒರಗಿಸಿ ಇಡಬೇಡಿ. ಮಳೆಗಾಲ ಶುರುವಾಗುವ ಮುಂಚೆ ಬೇಕಾದಷ್ಟೇ ತಂದಿಟ್ಟುಕೊಳ್ಳಿ, ಮುಂದಿನ ವರ್ಷಕ್ಕೆಂದು ಪೂರ್ತಿ ಪೆಟ್ಟಿಗೆ ತರಬೇಡಿ.